ಸಾಸೇಜ್‌ಗೊಂದು ಹೊದಿಕೆ: ಹಿಟ್ಟಿನಲ್ಲಿ, ಬೇಕನ್‌ನಲ್ಲಿ ಸುತ್ತಿ ಬೇಯಿಸುವ ಬಗೆಗಳು

ಟ್ರೇ ಓವನ್‌ನಿಂದ ಹೊರಗೆ ಬಂದಿದೆ. ಮೇಲೆ ಒಳ್ಳೆ ಹೊಂಬಣ್ಣ, ಅಡುಗೆಮನೆ ತುಂಬ ಬೆಣ್ಣೆಯ ಘಮ. ಬಿಸಿ ಆರುವ ಮೊದಲೇ ಒಂದನ್ನು ಎತ್ತಿ ಕಚ್ಚಿದರೆ ಹೊರಗೆ ಗರಿಗರಿ. ಆದರೆ ಸಾಸೇಜ್‌ಗೆ ತಾಗಿದ ಕಡೆ ಹಿಟ್ಟು ಬಿಳಿಬಿಳಿಯಾಗಿ ಉಳಿದಿದೆ, ಹಲ್ಲಿಗೆ ಅಂಟುತ್ತದೆ. ನಾನು ಮೊದಲ ಸಲ ಮಾಡಿದಾಗ ಆಗಿದ್ದು ಇದೇ. ಎರಡನೇ ಸಲ ಹಿಟ್ಟಿನ ಸಹವಾಸವೇ ಬೇಡ ಅಂತ ಬೇಕನ್, ಅಂದರೆ ಉಪ್ಪು ಹಾಕಿ ಹದ ಮಾಡಿದ ಹಂದಿ ಮಾಂಸದ ತೆಳು ಹಾಳೆ, ಸುತ್ತಿದೆ. ಬೇಕನ್ ಕಪ್ಪಾಗುತ್ತಾ ಬಂತು, ಒಳಗಿನ ಸಾಸೇಜ್ ಮಾತ್ರ ಇನ್ನೂ ಬೆಂದಿರಲಿಲ್ಲ.

ಆಮೇಲೆ ತುಂಬ ಸಲ ಮಾಡಿದ್ದೇನೆ. ಸುತ್ತುವ ಕೆಲಸ ಯಾರಿಗಾದರೂ ಹತ್ತು ನಿಮಿಷದಲ್ಲಿ ಬರುತ್ತದೆ. ಒಳಗಿನದೂ ಹೊರಗಿನದೂ ಒಂದೇ ಹೊತ್ತಿಗೆ ಬೇಯುವಂತೆ ನೋಡಿಕೊಳ್ಳುವುದರಲ್ಲೇ ಈ ತಿಂಡಿಯ ಗುಟ್ಟೆಲ್ಲ ಇದೆ. ಯಾವ ಸಾಸೇಜ್‌ಗೆ ಯಾವ ಹೊದಿಕೆ, ಎಷ್ಟು ದಪ್ಪ, ಎಷ್ಟು ಬಿಸಿ ಅನ್ನುವುದೆಲ್ಲ ಅದಕ್ಕೇ. ಇದೊಂದು ಮನಸ್ಸಿನಲ್ಲಿದ್ದರೆ ಕೆಳಗೆ ಹೇಳುವ ಯಾವ ಬಗೆಯೂ ಕೈ ಕೊಡುವುದಿಲ್ಲ.

ಹೆಸರಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ರೆಸಿಪಿ ಹುಡುಕುವಾಗ ಇಲ್ಲೇ ಗೊಂದಲ ಆಗುವುದು. ‘ಪಿಗ್ಸ್ ಇನ್ ಬ್ಲಾಂಕೆಟ್ಸ್’ ಅಂದರೆ ಬ್ರಿಟನ್ನಿನಲ್ಲಿ ಬೇಕನ್ ಸುತ್ತಿದ ಸಣ್ಣ ಸಾಸೇಜ್. ಅಲ್ಲಿ ಕ್ರಿಸ್‌ಮಸ್ ಊಟಕ್ಕೆ ಟರ್ಕಿ ಕೋಳಿಯ ಜೊತೆ ಇದು ಇರಲೇಬೇಕು. ಅಮೆರಿಕದಲ್ಲಿ ಅದೇ ಹೆಸರು ಹೇಳಿದರೆ ಹಿಟ್ಟಿನಲ್ಲಿ ಸುತ್ತಿದ ಸಾಸೇಜ್ ಬರುತ್ತದೆ. ಸ್ಕಾಟ್ಲೆಂಡಿನವರು ಬೇಕನ್ ಸುತ್ತಿದ್ದನ್ನು ‘ಕಿಲ್ಟೆಡ್ ಸೋಲ್ಜರ್ಸ್’ ಅನ್ನುತ್ತಾರೆ, ಅಂದರೆ ಕಿಲ್ಟ್ (ಅಲ್ಲಿನ ಗಂಡಸರು ಉಡುವ ಚೌಕುಳಿ ಲಂಗ) ಉಟ್ಟ ಸೈನಿಕರು. ಜರ್ಮನ್ನರ ‘ವ್ಯೂರ್ಸ್ಟ್‌ಖೆನ್ ಇಮ್ ಶ್ಲಾಫ್‌ರಾಕ್’ ಅಂದರೆ ಮನೆಯ ನಿಲುವಂಗಿ ತೊಟ್ಟ ಪುಟ್ಟ ಸಾಸೇಜ್. ಇಸ್ರೇಲಿನಲ್ಲಿ ಹಿಟ್ಟು ಸುತ್ತಿದ್ದಕ್ಕೆ ‘ಮೋಶೆ ಬತೇವಾ’ ಅನ್ನುತ್ತಾರೆ. ಮಗುವಾಗಿದ್ದ ಮೋಶೆಯನ್ನು ಬುಟ್ಟಿಯಲ್ಲಿಟ್ಟು ನದಿಗೆ ಬಿಟ್ಟ ಬೈಬಲ್ ಕಥೆ ಇದೆಯಲ್ಲ, ಆ ಹೆಸರು ಅಲ್ಲಿಂದ ಬಂದದ್ದು. ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಸರು ಅದೇ. ಆದ್ದರಿಂದ ಎಲ್ಲಾದರೂ ರೆಸಿಪಿ ಸಿಕ್ಕರೆ ಹೆಸರು ನೋಡಿ ಶುರು ಮಾಡಬೇಡಿ. ಹೊದಿಕೆ ಯಾವುದು ಅಂತ ಮೊದಲು ನೋಡಿ.

ಸಾಸೇಜ್ ಹಸಿಯೋ, ಬೆಂದಿದ್ದೋ?

ಪ್ಯಾಕೆಟ್ ಕೈಗೆತ್ತಿಕೊಂಡ ಕೂಡಲೇ ಇದನ್ನು ನೋಡಿ. ಫ್ರಾಂಕ್‌ಫರ್ಟರ್, ವಿಯೆನ್ನಾ, ಹಾಟ್ ಡಾಗ್ ಸಾಸೇಜ್ ಇವೆಲ್ಲ ಸಾಮಾನ್ಯವಾಗಿ ಮೊದಲೇ ಬೆಂದಿರುತ್ತವೆ. ಓವನ್‌ನಲ್ಲಿ ಅವು ಚೆನ್ನಾಗಿ ಬಿಸಿಯಾದರೆ ಸಾಕು. ಚಿಪೊಲಾಟಾ (ತೆಳ್ಳಗಿನ ಸಣ್ಣ ಸಾಸೇಜ್) ಮತ್ತು ಬ್ರೇಕ್‌ಫಾಸ್ಟ್ ಸಾಸೇಜ್‌ನಂಥವು ಹೆಚ್ಚಾಗಿ ಹಸಿ. ಕಾಕ್‌ಟೇಲ್ ಸಾಸೇಜ್ ಎರಡು ಬಗೆಯಲ್ಲೂ ಸಿಗುತ್ತದೆ, ಅದಕ್ಕೇ ಪ್ಯಾಕೆಟ್ ಮೇಲೆ ಬರೆದಿದ್ದನ್ನು ಓದುವುದು ಒಳ್ಳೆಯದು.

ನನ್ನ ಲೆಕ್ಕ ಸುಲಭದ್ದು. ಹಿಟ್ಟಿಗೆ ಬೆಂದ ಸಾಸೇಜ್, ಬೇಕನ್‌ಗೆ ಹಸಿ ಸಾಸೇಜ್. ಹಸಿ ಸಾಸೇಜ್ ಬೇಯುವಾಗ ನೀರು, ಕೊಬ್ಬು ಎರಡನ್ನೂ ಬಿಡುತ್ತದೆ. ಹಿಟ್ಟು ಅದನ್ನೆಲ್ಲ ಹೀರಿಕೊಂಡು ಮುದ್ದೆಯಾಗುತ್ತದೆ. ಬೇಕನ್‌ಗೆ ಅದರಿಂದ ಏನೂ ತೊಂದರೆ ಇಲ್ಲ, ತಾನೂ ಕೊಬ್ಬು ಬಿಡುತ್ತಾ ಸಾಸೇಜ್ ಜೊತೆಗೇ ನಿಧಾನವಾಗಿ ಬೇಯುತ್ತದೆ.

ಹಸಿ ಸಾಸೇಜ್ ಮಾತ್ರ ಸಿಕ್ಕಿದೆ, ಆದರೂ ಹಿಟ್ಟಿನಲ್ಲೇ ಸುತ್ತಬೇಕು ಅಂದರೆ ಮೊದಲು ನೀರಿನಲ್ಲಿ ಬೇಯಿಸಿಕೊಳ್ಳಿ. ನೀರು ಜೋರಾಗಿ ಕುದಿಯಬಾರದು, ಕುದಿದರೆ ಸಿಪ್ಪೆ ಬಿರಿಯುತ್ತದೆ. ಸಣ್ಣ ಗುಳ್ಳೆ ಏಳುವಷ್ಟು ಉರಿ ಸಾಕು. ತೆಳು ಸಾಸೇಜ್‌ಗೆ 8ರಿಂದ 10 ನಿಮಿಷ ಹಿಡಿಯುತ್ತದೆ. ಆಮೇಲೆ ಪೂರ್ತಿ ತಣ್ಣಗಾಗಲು ಬಿಡಿ.

ಬೆಂದಿದೆಯೋ ಇಲ್ಲವೋ ಅಂತ ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಕೆಲವು ಸಾಸೇಜ್ ಬೆಂದ ಮೇಲೂ ಗುಲಾಬಿಯಾಗೇ ಇರುತ್ತವೆ. ಅಡುಗೆ ಥರ್ಮಾಮೀಟರ್ ಇದ್ದರೆ ಸಾಸೇಜ್‌ನ ತುದಿಯಿಂದ ನಡುವಿನವರೆಗೆ ಉದ್ದಕ್ಕೆ ಚುಚ್ಚಿ ನೋಡಿ. ಹಂದಿ, ದನದ ಮಾಂಸದ ಸಾಸೇಜ್‌ಗೆ 71 ಡಿಗ್ರಿ ಸೆಲ್ಸಿಯಸ್, ಕೋಳಿ ಅಥವಾ ಟರ್ಕಿಯದ್ದಕ್ಕೆ 74 ಡಿಗ್ರಿ ಬರಬೇಕು. ಈ ಒಂದು ಚಿಕ್ಕ ಸಾಮಾನು ಮನೆಗೆ ಬಂದ ಮೇಲೆ ನನ್ನ ಅರ್ಧ ಚಿಂತೆ ಹೋಯಿತು.

ಹಿಟ್ಟು ಸುತ್ತುವ ಮೊದಲು ಇನ್ನೊಂದು ಕೆಲಸ ಇದೆ, ದಯವಿಟ್ಟು ಬಿಡಬೇಡಿ. ಸಾಸೇಜ್ ಒರೆಸಿ. ಪ್ಯಾಕೆಟ್‌ನಿಂದ ತೆಗೆದಾಗ ಅದರ ಮೈಮೇಲೆ ಸಣ್ಣಗೆ ಜಾರುವ ನೀರಿನ ಪದರ ಇರುತ್ತದೆ. ಪೇಪರ್ ಟವೆಲ್ ಮೇಲೆ ಉರುಳಿಸಿ, ಇನ್ನೊಂದರಿಂದ ಒತ್ತಿ. ಬೆರಳಿಟ್ಟರೆ ಜಾರಬಾರದು, ತುಸು ಹಿಡಿದಂತೆ ಅನಿಸಬೇಕು. ಅಷ್ಟು ಒಣಗಿದ ಮೇಲೆ ಒಂದು ಚಿಟಿಕೆ ಮೈದಾ ಉದುರಿಸಿ ಹೊರಳಿಸಿ. ಆ ಬಿಳಿ, ಅಂಟಂಟು ಪದರಕ್ಕೆ ಅರ್ಧ ಕಾರಣ ಈ ನೀರು. ಹಿಟ್ಟನ್ನು ದಪ್ಪಗೆ ಬಿಡುವುದು ಉಳಿದರ್ಧ.

ಪಫ್ ಪೇಸ್ಟ್ರಿಯಲ್ಲಿ

ಎಲ್ಲಕ್ಕಿಂತ ಬೇಗ ಆಗುವುದು ಇದು, ಅತಿಥಿಗಳ ಮುಂದಿಟ್ಟರೆ ಚೆಂದ ಕಾಣುವುದೂ ಇದೇ. ಮನೆಯಲ್ಲಿ ಪಫ್ ಪೇಸ್ಟ್ರಿ ಮಾಡಲು ಅರ್ಧ ದಿನ ಬೇಕು. ಈ ತಿಂಡಿಗೆ ಅಂಗಡಿಯ ತಯಾರು ಹಾಳೆಯೇ ಸಾಕು ಅಂತ ನನ್ನ ಅಭಿಪ್ರಾಯ.

ಪಫ್ ಪೇಸ್ಟ್ರಿ ಉಬ್ಬುವುದು ಹೇಗೆ ಅಂತ ಗೊತ್ತಿದ್ದರೆ ತಪ್ಪು ಆಗುವುದಿಲ್ಲ. ಹಿಟ್ಟು, ಬೆಣ್ಣೆ, ಮತ್ತೆ ಹಿಟ್ಟು, ಮತ್ತೆ ಬೆಣ್ಣೆ ಅಂತ ನೂರಾರು ತೆಳು ಪದರಗಳಿರುತ್ತವೆ. ಓವನ್ನಿನ ಬಿಸಿಗೆ ಒಳಗಿನ ನೀರು ಆವಿಯಾಗಿ ಪದರಗಳನ್ನು ಮೇಲಕ್ಕೆ ಎತ್ತುತ್ತದೆ. ಓವನ್‌ಗೆ ಹೋಗುವ ಮೊದಲೇ ಬೆಣ್ಣೆ ಕರಗಿದರೆ ಪದರಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬಿಡುತ್ತವೆ. ಹಾಗಾಗಿ ಶುರುವಿನಿಂದ ಕೊನೆಯವರೆಗೂ ಹಾಳೆ ತಣ್ಣಗಿರಬೇಕು.

1. ಓವನ್ 200 ಡಿಗ್ರಿಗೆ ಕಾಯಲು ಇಡಿ. ಫ್ಯಾನ್ ಇರುವ ಓವನ್ ಆದರೆ 180 ಸಾಕು.
2. ಹಾಳೆಯನ್ನು ಫ್ರಿಜ್‌ನಿಂದ ತೆಗೆದು ಸುಮಾರು 3 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಮೊದಲೇ ಅಷ್ಟು ತೆಳು ಇದ್ದರೆ ಮುಟ್ಟಲು ಹೋಗಬೇಡಿ.
3. ಉದ್ದ ಸಾಸೇಜ್‌ಗೆ 2 ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ. ಸಣ್ಣವಕ್ಕೆ ಓರೆಯಾಗಿ ಒಂದೂವರೆ ಸುತ್ತು ಬರುವಷ್ಟು ಉದ್ದದ ತುಂಡು ಸಾಕು.
4. ಪಟ್ಟಿಯ ಮೇಲೆ ಸಾಸಿವೆ ಪೇಸ್ಟನ್ನು ತೀರಾ ತೆಳ್ಳಗೆ ಸವರಿ. ರುಚಿಗೆ ಇದು ಬೇಕೇ ಬೇಕು, ಆದರೆ ಜಾಸ್ತಿ ಆದರೆ ಮತ್ತೆ ಒದ್ದೆ.
5. ಸುರುಳಿಯಾಗಿ ಸುತ್ತುವಾಗ ಅಂಚಿನ ಮೇಲೆ ಅಂಚು ಏರಿದರೆ ಕೂದಲೆಳೆಯಷ್ಟೇ ಏರಲಿ. ಎರಡು ಪದರ ಬಿದ್ದ ಕಡೆ ಒಳಗೆ ಬೇಯುವುದಿಲ್ಲ.
6. ಕೊನೆಯ ಅಂಚು ಕೆಳಗೆ ಬರುವಂತೆ ಬೇಕಿಂಗ್ ಪೇಪರ್ ಹಾಸಿದ ಟ್ರೇ ಮೇಲೆ ಇಡಿ. ಟ್ರೇ ಸಮೇತ 15ರಿಂದ 20 ನಿಮಿಷ ಫ್ರಿಜ್‌ಗೆ ತಳ್ಳಿ.
7. ಒಂದು ಮೊಟ್ಟೆಯನ್ನು ಒಂದು ಚಮಚ ಹಾಲಿನ ಜೊತೆ ಕದಡಿ ಮೇಲೆ ಸವರಿ. ಕತ್ತರಿಸಿದ ಅಂಚಿನ ಮೇಲೆ ಮೊಟ್ಟೆ ಇಳಿಯಬಾರದು. ಇಳಿದರೆ ಅದು ಗೋಂದಿನ ಹಾಗೆ ಪದರಗಳನ್ನು ಹಿಡಿದುಬಿಡುತ್ತದೆ, ಉಬ್ಬಲು ಬಿಡುವುದಿಲ್ಲ. ಎಳ್ಳು ಅಥವಾ ಗಸಗಸೆ ಉದುರಿಸಿ.
8. ಸಣ್ಣವಕ್ಕೆ 18ರಿಂದ 20 ನಿಮಿಷ, ಉದ್ದದವಕ್ಕೆ 22ರಿಂದ 25 ನಿಮಿಷ.

ಟ್ರೇಯನ್ನು ಓವನ್ನಿನ ನಡುವಿಗಿಂತ ಒಂದು ಮೆಟ್ಟಿಲು ಕೆಳಗಿಡಿ. ಮೇಲ್ಭಾಗ ಹೇಗೂ ಬಣ್ಣ ಪಡೆಯುತ್ತದೆ, ಬಿಸಿ ಸಾಲದೇ ಒದ್ದಾಡುವುದು ತಳ. ತೆಗೆಯುವ ಮುಂಚೆ ಒಂದನ್ನು ತಿರುಗಿಸಿ ನೋಡಿ. ತಳವೂ ಕಂದು ಬಣ್ಣಕ್ಕೆ ಬಂದಿದ್ದರೆ ಮಾತ್ರ ಆಯಿತು ಅನ್ನಿ. ಮೇಲಿನ ಹೊಂಬಣ್ಣ ನೋಡಿ ಮೋಸ ಹೋಗುವವರೇ ಜಾಸ್ತಿ.

ಯೀಸ್ಟ್ ಹಿಟ್ಟಿನಲ್ಲಿ

ನನ್ನನ್ನು ಕೇಳಿದರೆ ಹಿಟ್ಟಿನ ಬಗೆಗಳಲ್ಲಿ ಎಲ್ಲಕ್ಕಿಂತ ರುಚಿ ಇದೇ. ಪಫ್ ಪೇಸ್ಟ್ರಿ ಬಿಸಿ ಇದ್ದಾಗ ಮಾತ್ರ ಚೆನ್ನ. ಇದು ತಣ್ಣಗಾದ ಮೇಲೂ ಮೆತ್ತಗಿರುತ್ತದೆ, ಡಬ್ಬಿಗೆ ಹಾಕಿಕೊಂಡು ಹೋಗಬಹುದು. ಮಕ್ಕಳಿಗೆ ಸುತ್ತುವ ಕೆಲಸ ಕೊಡುವುದಾದರೂ ಇದೇ ಸರಿ, ಎಷ್ಟು ಎಳೆದಾಡಿದರೂ ಹಿಟ್ಟು ಸಹಿಸಿಕೊಳ್ಳುತ್ತದೆ.

ಹನ್ನೆರಡು ಉದ್ದ ಸಾಸೇಜ್‌ಗೆ ಬೇಕಾಗುವುದು ಇಷ್ಟು: ಮೈದಾ 250 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ ಒಂದು ಟೀ ಚಮಚ, ಸಕ್ಕರೆ ಒಂದು ದೊಡ್ಡ ಚಮಚ, ಉಪ್ಪು ಅರ್ಧ ಟೀ ಚಮಚ, ಉಗುರು ಬೆಚ್ಚಗಿನ ಹಾಲು 140 ಮಿಲಿ, ಮೆತ್ತಗಾದ ಬೆಣ್ಣೆ 30 ಗ್ರಾಂ.

ಒಣ ಸಾಮಾನೆಲ್ಲ ಬೆರೆಸಿ, ಹಾಲು ಹಾಕಿ ಕಲಸಿ. ಹಿಟ್ಟು ಒಂದು ಮುದ್ದೆಗೆ ಬಂದ ಮೇಲೆ ಬೆಣ್ಣೆ ಸೇರಿಸಿ ನಾದಲು ಶುರು ಮಾಡಿ. ಮೊದಲು ಕೈಗೆಲ್ಲ ಮೆತ್ತಿಕೊಳ್ಳುತ್ತದೆ, ಹಿಟ್ಟು ಕೆಟ್ಟೇ ಹೋಯಿತೇನೋ ಅನಿಸುತ್ತದೆ. ಆಗ ಸುಮ್ನೆ ಮೈದಾ ಸುರಿಯಬೇಡಿ. ಐದು ನಿಮಿಷ ನಾದಿದರೆ ಬೆಣ್ಣೆ ಒಳಗೆ ಸೇರಿ ಹಿಟ್ಟು ತಾನಾಗಿ ಕೈ ಬಿಡುತ್ತದೆ. ಒಟ್ಟು 8ರಿಂದ 10 ನಿಮಿಷ ನಾದಿದರೆ ಕಿವಿಯ ಹಾಲೆಯಷ್ಟು ಮೆತ್ತಗೆ, ನುಣ್ಣಗೆ ಬರುತ್ತದೆ. ಮುಚ್ಚಿಟ್ಟು ಎರಡು ಪಟ್ಟು ಉಬ್ಬುವವರೆಗೆ ಕಾಯಿರಿ. ಸಾಮಾನ್ಯವಾಗಿ ಒಂದು ಗಂಟೆ ಬೇಕು. ಚಳಿ ಇದ್ದರೆ ಇನ್ನೂ ಅರ್ಧ ಗಂಟೆ ಹಿಡಿಯುತ್ತದೆ. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ.

ಉಬ್ಬಿದ ಹಿಟ್ಟನ್ನು ಮೆಲ್ಲಗೆ ತಟ್ಟಿ ಗಾಳಿ ತೆಗೆದು, ಹನ್ನೆರಡು ಉಂಡೆ ಮಾಡಿ. ಒಂದೊಂದು 36 ಗ್ರಾಂ ಆಸುಪಾಸು ಬರುತ್ತದೆ. ಉಂಡೆಯನ್ನು ಅಂಗೈಯಲ್ಲಿ ಹೊಸೆದು ಕಿರುಬೆರಳಿಗಿಂತ ತೆಳ್ಳಗಿನ ಹಗ್ಗ ಮಾಡಿ. ಹೊಸೆಯುವಾಗ ಹಿಟ್ಟು ರಬ್ಬರಿನ ಹಾಗೆ ಹಿಂದಕ್ಕೆ ಎಳೆದುಕೊಂಡರೆ ಐದು ನಿಮಿಷ ಬಿಟ್ಟು ಮುಂದಿನದನ್ನು ಹಿಡಿಯಿರಿ. ವಾಪಸ್ ಬರುವಷ್ಟರಲ್ಲಿ ಅದು ಸಡಿಲಾಗಿರುತ್ತದೆ.

ಸುತ್ತುವಾಗ ಬಿಗಿಯಾಗಿ ಸುತ್ತಬೇಕು ಅಂತ ಕೈ ತಾನಾಗಿ ಎಳೆಯುತ್ತದೆ. ಇಲ್ಲಿ ಹಾಗೆ ಮಾಡಬಾರದು. ಯೀಸ್ಟ್ ಹಿಟ್ಟು ಇನ್ನೂ ಉಬ್ಬಬೇಕು. ಬಿಗಿ ಸುತ್ತಿದರೆ ಓವನ್‌ನಲ್ಲಿ ಹಿಟ್ಟು ಬಿರಿಯುತ್ತದೆ, ಇಲ್ಲವೇ ಸಾಸೇಜನ್ನೇ ಒಂದು ತುದಿಯಿಂದ ಹೊರಗೆ ದೂಡುತ್ತದೆ. ಸಡಿಲವಾಗಿ, ಸುತ್ತಿನಿಂದ ಸುತ್ತಿಗೆ ಒಂದು ಕಡ್ಡಿಯಷ್ಟು ಜಾಗ ಬಿಟ್ಟು ಸುತ್ತಿ. ಉಬ್ಬಿದಾಗ ಆ ಜಾಗ ಮುಚ್ಚಿಕೊಳ್ಳುತ್ತದೆ. ಎರಡೂ ತುದಿಯಲ್ಲಿ ಸಾಸೇಜ್ ಸ್ವಲ್ಪ ಹೊರಗೆ ಇಣುಕಲಿ, ಒಳಗಿನ ಆವಿ ಹೋಗಲು ದಾರಿ ಬೇಕಲ್ವಾ?

ಟ್ರೇ ಮೇಲಿಟ್ಟು ಇನ್ನೊಂದು 20ರಿಂದ 30 ನಿಮಿಷ ಉಬ್ಬಲು ಬಿಡಿ. ಮೊಟ್ಟೆ ಸವರಿ 190 ಡಿಗ್ರಿಯಲ್ಲಿ 15ರಿಂದ 18 ನಿಮಿಷ ಬೇಯಿಸಿ. ಹೊರಗೆ ತೆಗೆದ ತಕ್ಷಣ ಬ್ರಶ್‌ನಿಂದ ಒಂದಿಷ್ಟು ಬೆಣ್ಣೆ ಹಚ್ಚಿದರೆ ಮೇಲಿನ ಪದರ ಒಣಗದೆ ಹೊಳೆಯುತ್ತದೆ.

ಇದೇ ಹಿಟ್ಟಿನಿಂದ ಪ್ರೆಟ್ಜೆಲ್ (ಗಂಟಿನ ಆಕಾರದ ಕಂದು ಬ್ರೆಡ್) ರುಚಿಯದ್ದನ್ನೂ ಮಾಡಬಹುದು. ಒಂದು ಲೀಟರ್ ಕುದಿಯುವ ನೀರಿಗೆ 60 ಗ್ರಾಂ ಅಡುಗೆ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ. ಒಟ್ಟಿಗೆ ಸುರಿದರೆ ನೊರೆ ಉಕ್ಕಿ ಬರುತ್ತದೆ, ಜೋಪಾನ. ಸುತ್ತಿದ ಸಾಸೇಜ್‌ಗಳನ್ನು ಅದರಲ್ಲಿ 20ರಿಂದ 30 ಸೆಕೆಂಡ್ ಮುಳುಗಿಸಿ ಜಾಲರಿ ಸೌಟಿನಿಂದ ತೆಗೆದು, ಹರಳುಪ್ಪು ಉದುರಿಸಿ ಬೇಯಿಸಿ. ಸೋಡಾ ನೀರು ತಾಗಿದ ಹಿಟ್ಟು ಬೇಗ ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಪ್ರೆಟ್ಜೆಲ್‌ಗೆ ಆ ಗಾಢ ಬಣ್ಣ, ಆ ವಿಶೇಷ ರುಚಿ.

ಇಷ್ಟಕ್ಕೆಲ್ಲ ಪುರುಸೊತ್ತಿಲ್ಲದವರಿಗೆ ಡಬ್ಬಿಯಲ್ಲಿ ಬರುವ ಕ್ರೆಸೆಂಟ್ ರೋಲ್ ಹಿಟ್ಟು ಇದೆ. ಅಮೆರಿಕದ ಮನೆಗಳಲ್ಲಿ ಈ ತಿಂಡಿಗೆ ಇದನ್ನೇ ಬಳಸುವುದು ಹೆಚ್ಚು. ಒಂದು ಡಬ್ಬಿಯಲ್ಲಿ ಸಾಮಾನ್ಯವಾಗಿ ಎಂಟು ತ್ರಿಕೋನಗಳಿರುತ್ತವೆ. ಒಂದೊಂದನ್ನು ಉದ್ದಕ್ಕೆ ಮೂರು ಸೀಳು ಮಾಡಿದರೆ 24 ಸಣ್ಣ ಸಾಸೇಜ್‌ಗೆ ಆಯಿತು. ಅಗಲದ ಕಡೆಯಿಂದ ಚೂಪು ತುದಿಯ ಕಡೆಗೆ ಉರುಳಿಸಿ, 190 ಡಿಗ್ರಿಯಲ್ಲಿ 12ರಿಂದ 15 ನಿಮಿಷ ಇಟ್ಟರೆ ಮುಗಿಯಿತು.

ಬೇಕನ್‌ನಲ್ಲಿ

ಇಲ್ಲಿ ಆಯ್ಕೆಯೇ ಮುಖ್ಯ. ಕೊಬ್ಬಿನ ಗೆರೆಗಳಿರುವ, ತೆಳ್ಳಗೆ ಕತ್ತರಿಸಿದ ಸ್ಟ್ರೀಕಿ ಬೇಕನ್ ತೆಗೆದುಕೊಳ್ಳಿ. ದಪ್ಪ ಬೇಕನ್ ನೋಡಲು ಭರ್ಜರಿ ಅನಿಸುತ್ತದೆ, ಆದರೆ ಅದು ಗರಿಯಾಗುವ ಹೊತ್ತಿಗೆ ಒಳಗಿನ ಸಾಸೇಜ್ ಒಣಗಿ ಹೋಗಿರುತ್ತದೆ. ಸಾಸೇಜ್ ಕೂಡ ತೆಳುವಾಗಿರಲಿ. ಹೆಬ್ಬೆರಳಿಗಿಂತ ದಪ್ಪ ಇದ್ದರೆ ಹೊದಿಕೆಗೂ ಒಳಗಿನದಕ್ಕೂ ಹೊಂದಿಕೆ ಆಗುವುದಿಲ್ಲ. ಚಿಪೊಲಾಟಾ ಇದಕ್ಕೆ ಹೇಳಿ ಮಾಡಿಸಿದ್ದು.

ಬೇಕನ್ ಹಾಳೆಯನ್ನು ಹಿಗ್ಗಿಸುವ ಒಂದು ಉಪಾಯ ಇದೆ. ಹಲಗೆ ಮೇಲೆ ಒಂದು ಹಾಳೆ ಹರಡಿ. ಒಂದು ತುದಿಯನ್ನು ಎಡಗೈ ಬೆರಳಿನಿಂದ ಒತ್ತಿ ಹಿಡಿದು, ಚಾಕುವಿನ ಬೆನ್ನನ್ನು ಓರೆಯಾಗಿ ಇಟ್ಟು ಇನ್ನೊಂದು ತುದಿಯವರೆಗೆ ಸವರುತ್ತಾ ಎಳೆಯಿರಿ. ಎರಡು ಮೂರು ಸಲ ಎಳೆದರೆ ಬಿಳಿ ಕೊಬ್ಬು ತೆಳುವಾಗಿ, ಕೆಳಗಿನ ಹಲಗೆ ಮಸುಕಾಗಿ ಕಾಣುವಷ್ಟಾಗುತ್ತದೆ. ಉದ್ದವೂ ಹೆಚ್ಚುತ್ತದೆ. ಹೀಗೆ ಎಳೆದ ಬೇಕನ್ ಸಾಸೇಜ್‌ಗೆ ಅಂಟಿಕೊಂಡಂತೆ ಕೂರುತ್ತದೆ, ಬೇಯುವಾಗ ಬಿಚ್ಚಿಕೊಳ್ಳುವುದಿಲ್ಲ. ಕಡ್ಡಿ ಚುಚ್ಚುವ ಅಗತ್ಯವೂ ಬೀಳುವುದಿಲ್ಲ. ಆದರೂ ಭಯ ಇದ್ದರೆ ಟೂತ್‌ಪಿಕ್ ಚುಚ್ಚಿ, ಅರ್ಧ ಗಂಟೆ ನೀರಿನಲ್ಲಿ ನೆನೆಸಿದ್ದಾದರೆ ಕರಕಲಾಗುವುದಿಲ್ಲ.

ಚಿಪೊಲಾಟಾಗೆ ಒಂದು ಹಾಳೆ, ಕಾಕ್‌ಟೇಲ್ ಸಾಸೇಜ್‌ಗೆ ಅರ್ಧ ಹಾಳೆ. ತುದಿಯಿಂದ ತುದಿಗೆ ಓರೆಯಾಗಿ ಸುತ್ತಿ, ಕೊನೆಯ ಅಂಚು ಕೆಳಗೆ ಬರುವಂತೆ ಇಡಿ. ಒಂದಕ್ಕೊಂದು ತಾಗಬಾರದು. ಒತ್ತಾಗಿ ಜೋಡಿಸಿದರೆ ಆವಿಯಲ್ಲಿ ಬೆಂದು ಮೆತ್ತಗಾಗುತ್ತವೆ, ಗರಿಯಾಗುವುದಿಲ್ಲ. 200 ಡಿಗ್ರಿಯಲ್ಲಿ ಹಸಿ ಚಿಪೊಲಾಟಾಗೆ 25ರಿಂದ 30 ನಿಮಿಷ, ಬೆಂದ ಸಣ್ಣ ಸಾಸೇಜ್‌ಗೆ 20 ನಿಮಿಷದ ಆಸುಪಾಸು. ಅರ್ಧ ಹೊತ್ತಿಗೆ ಒಮ್ಮೆ ಮಗುಚಿ. ಮೊದಲೇ ಮಗುಚಲು ಹೋದರೆ ಅಂಚು ಬಿಚ್ಚಿಕೊಳ್ಳುತ್ತದೆ. ಕೊಬ್ಬು ತುಂಬ ಕೂಡಿದ್ದರೆ ಆಗಲೇ ಜಾಗ್ರತೆಯಾಗಿ ಬಸಿದು ತೆಗೆಯಿರಿ.

ಕೆಳಗೆ ಟ್ರೇ ಇಟ್ಟು ತಂತಿ ಜಾಲರಿಯ ಮೇಲೆ ಬೇಯಿಸಬೇಕು ಅಂತ ಕೆಲವರು ಹೇಳುತ್ತಾರೆ. ಎಲ್ಲ ಕಡೆ ಒಂದೇ ಸಮ ಗರಿಯಾಗಲು ಅದು ಒಳ್ಳೆಯದೇ. ಆದರೆ ಸಣ್ಣವನ್ನು ನಾನು ನೇರ ಟ್ರೇ ಮೇಲೇ ಇಡುತ್ತೇನೆ. ಬಿಟ್ಟ ಕೊಬ್ಬಿನಲ್ಲೇ ತಳ ಹುರಿದ ಹಾಗಾಗುತ್ತದೆ, ಆ ರುಚಿ ಜಾಲರಿ ಮೇಲೆ ಬರುವುದಿಲ್ಲ.

ಉಪ್ಪು ಹಾಕಬೇಡಿ, ಬೇಕನ್‌ನಲ್ಲೇ ಬೇಕಾದಷ್ಟಿದೆ. ಸುತ್ತುವ ಮೊದಲು ಒಂದು ಸೇಜ್ ಎಲೆ ಅಥವಾ ಒಂದಿಷ್ಟು ರೋಸ್‌ಮೇರಿ ಒಳಗಿಟ್ಟರೆ ಘಮ ಬೇರೆಯೇ. ಸಿಹಿ ಇಷ್ಟವಾದರೆ ಎರಡು ಚಮಚ ಜೇನು, ಒಂದು ಚಮಚ ಸಾಸಿವೆ ಪೇಸ್ಟ್ ಬೆರೆಸಿ ಕೊನೆಯ 5ರಿಂದ 7 ನಿಮಿಷ ಇರುವಾಗ ಸವರಿ. ಮೊದಲೇ ಸವರಿದರೆ ಜೇನು ಸುಟ್ಟು ಕಹಿಯಾಗುತ್ತದೆ.

ಏರ್ ಫ್ರೈಯರ್ ಈ ಬಗೆಗೆ ತುಂಬ ಚೆನ್ನಾಗಿ ಒಗ್ಗುತ್ತದೆ. 180 ಡಿಗ್ರಿ, 12ರಿಂದ 15 ನಿಮಿಷ, ಒಂದೇ ಪದರ, ನಡುವೆ ಒಮ್ಮೆ ಅಲುಗಿಸಿ. ಹಂದಿ ಮಾಂಸ ತಿನ್ನದವರಿಗೆ ಕೋಳಿ ಸಾಸೇಜ್ ಜೊತೆ ಟರ್ಕಿ ಬೇಕನ್ ಅಥವಾ ಬೀಫ್ ಬೇಕನ್ ಆಗುತ್ತದೆ. ಟರ್ಕಿ ಬೇಕನ್‌ನಲ್ಲಿ ಕೊಬ್ಬು ಕಡಿಮೆ, ತಾನಾಗಿ ಗರಿಯಾಗುವುದಿಲ್ಲ, ಮೇಲೆ ಎಣ್ಣೆ ಸವರಲೇಬೇಕು.

ಇನ್ನೆರಡು ಬಗೆ

ಸಾಸೇಜ್ ರೋಲ್ ಇದರ ದೊಡ್ಡಣ್ಣ. ಇದರಲ್ಲಿ ಸಿಪ್ಪೆ ಇಲ್ಲದ ಹಸಿ ಸಾಸೇಜ್ ಮಾಂಸವನ್ನೇ ಪಫ್ ಪೇಸ್ಟ್ರಿಯಲ್ಲಿ ಉದ್ದಕ್ಕೆ ಇಟ್ಟು ಮಡಚುತ್ತಾರೆ. ಮೇಲೆ ಹಸಿ ಸಾಸೇಜ್ ಹಿಟ್ಟಿಗೆ ಬೇಡ ಅಂದಿದ್ದೆ. ಇಲ್ಲಿ ಅದು ನಡೆಯುವುದು ಎರಡು ಕಾರಣಕ್ಕೆ. ಮಾಂಸಕ್ಕೆ ಒಂದು ಹಿಡಿ ಬ್ರೆಡ್ ಪುಡಿ ಬೆರೆಸಿದರೆ ರಸವನ್ನು ಅದು ಹಿಡಿದುಕೊಳ್ಳುತ್ತದೆ. ತುಂಡು ಮಾಡಿ ಬೇಯಿಸುವುದರಿಂದ ಎರಡೂ ಬದಿಯಿಂದ ಆವಿ ಹೋಗುತ್ತದೆ. 200 ಡಿಗ್ರಿಯಲ್ಲಿ 25ರಿಂದ 30 ನಿಮಿಷ ಬೇಯಿಸಿ, ನಡುವೆ 71 ಡಿಗ್ರಿ ಬಂತೇ ಅಂತ ನೋಡಿ.

ಕಾರ್ನ್ ಡಾಗ್‌ಗೆ ಓವನ್ ಬೇಡ. ಕಡ್ಡಿ ಚುಚ್ಚಿದ ಬೆಂದ ಸಾಸೇಜನ್ನು ಮೆಕ್ಕೆಜೋಳದ ಹಿಟ್ಟು, ಮೈದಾ ಸಮಸಮ ಹಾಕಿ ಕಲಸಿದ ಗಟ್ಟಿ ಹಿಟ್ಟಿನಲ್ಲಿ ಅದ್ದಿ, 175ರಿಂದ 180 ಡಿಗ್ರಿ ಕಾದ ಎಣ್ಣೆಯಲ್ಲಿ ಮೂರು ನಾಲ್ಕು ನಿಮಿಷ ಕರಿಯುವುದು. ಹಿಟ್ಟನ್ನು ಉದ್ದ ಲೋಟಕ್ಕೆ ತುಂಬಿ ಅದ್ದಿದರೆ ಒಂದೇ ಸಲಕ್ಕೆ ಮೈಯೆಲ್ಲ ಮುಚ್ಚುತ್ತದೆ. ಇಲ್ಲೂ ಸಾಸೇಜ್ ಒರೆಸಿ ಮೈದಾ ಹೊರಳಿಸದಿದ್ದರೆ ಹಿಟ್ಟು ಜಾರಿ ಎಣ್ಣೆಗೆ ಬೀಳುತ್ತದೆ.

ಮೊದಲೇ ಮಾಡಿಡುವುದು, ಉಳಿದಿದ್ದು

ಬೇಕನ್ ಸುತ್ತಿದ್ದನ್ನು ಹಿಂದಿನ ದಿನವೇ ತಯಾರಿಸಿ, ಮುಚ್ಚಿ, ಫ್ರಿಜ್‌ನ ಕೆಳಗಿನ ಅಂತಸ್ತಿನಲ್ಲಿ ಇಡಬಹುದು. ಆದರೆ ಹಸಿ ಸಾಸೇಜನ್ನು ಅರ್ಧ ಬೇಯಿಸಿಟ್ಟು ಉಳಿದರ್ಧ ನಾಳೆ ಬೇಯಿಸುವುದು ಬೇಡ. ಆ ಅರೆಬರೆ ಬಿಸಿಯಲ್ಲಿ ರೋಗಾಣು ಸಾಯುವುದಿಲ್ಲ, ಬೆಳೆಯುತ್ತದೆ. ಪಫ್ ಪೇಸ್ಟ್ರಿಯವನ್ನು ಬೇಯಿಸದೆ ಟ್ರೇ ಮೇಲೆ ಬಿಡಿಬಿಡಿಯಾಗಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಆಮೇಲೆ ಚೀಲಕ್ಕೆ ತುಂಬಿಡಿ. ಬೇಕಾದಾಗ ಹಾಗೇ ಓವನ್‌ಗೆ ಹಾಕಿ 5ರಿಂದ 8 ನಿಮಿಷ ಜಾಸ್ತಿ ಕೊಟ್ಟರೆ ಆಯಿತು.

ಪುಟ್ಟ ಮಕ್ಕಳಿದ್ದರೆ ಒಂದು ಮಾತು. ದುಂಡಗಿನ ಸಾಸೇಜ್ ತುಂಡು ಅವರ ಗಂಟಲಿಗೆ ಸರಿಯಾಗಿ ಸಿಕ್ಕಿಕೊಳ್ಳುವ ಅಳತೆಯದ್ದು. ಐದು ವರ್ಷದೊಳಗಿನವರಿಗೆ ಇಡಿಯಾಗಿ ಕೊಡಬೇಡಿ, ಬಿಲ್ಲೆಯಾಗಿಯೂ ಬೇಡ. ಉದ್ದಕ್ಕೆ ನಾಲ್ಕಾಗಿ ಸೀಳಿ, ಆಮೇಲೆ ಸಣ್ಣ ತುಂಡು ಮಾಡಿ ಕೊಡಿ. ಟೂತ್‌ಪಿಕ್ ಚುಚ್ಚಿದ್ದರೆ ಎಣಿಸಿ ತೆಗೆಯಿರಿ.

ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಬಿಡಬೇಡಿ. ಉಳಿದಿದ್ದು ಫ್ರಿಜ್‌ನಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಬಿಸಿ ಮಾಡಲು ಮೈಕ್ರೋವೇವ್ ಬೇಡ, ಅದರಲ್ಲಿ ಪೇಸ್ಟ್ರಿ ಒದ್ದೆ ಬಟ್ಟೆಯ ಹಾಗಾಗುತ್ತದೆ. 180 ಡಿಗ್ರಿ ಓವನ್‌ನಲ್ಲಿ ಸುಮಾರು 10 ನಿಮಿಷ, ಒಳಗೆಲ್ಲ ಹಬೆಯಾಡುವಷ್ಟು ಬಿಸಿಯಾಗಲಿ. ಯೀಸ್ಟ್ ಹಿಟ್ಟಿನದ್ದಾದರೆ ಮೇಲೆ ಸಡಿಲವಾಗಿ ಫಾಯಿಲ್ ಮುಚ್ಚಿ, ಇಲ್ಲದಿದ್ದರೆ ಒಳಗೆ ಬಿಸಿಯಾಗುವಷ್ಟರಲ್ಲಿ ಹೊರಗೆ ಗಟ್ಟಿಯಾಗುತ್ತದೆ.